ಗೂಳಿ, ಹೋರಿ, ಎತ್ತು, ಬಸವ: ಕನ್ನಡದ ದನಸಂಬಂಧಿ ಪದಗಳ ಚಾರಿತ್ರಿಕ ವಿವೇಚನೆ

'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ' ಎಂಬ ಗಾದೆ ಕನ್ನಡ ನಾಡಿನ ಬಹುಭಾಗಗಳಲ್ಲಿ ಪ್ರಚಲಿತವಾಗಿದೆ. ಕೇಳಿದ್ದನ್ನು ವಿಚಾರಿಸದೆ ಒಪ್ಪಿಕೊಳ್ಳುವವನನ್ನು ಲೇವಡಿ ಮಾಡುವ ಈ ಮಾತಿನ ಹಾಸ್ಯವು 'ಎತ್ತು' ಎಂಬ ಒಂದು ಪದದ ಖಚಿತತೆಯನ್ನು ಆಧರಿಸಿದೆ. ಎತ್ತು ಗಂಡು, ಆದುದರಿಂದ ಅದು ಈಯುವುದಿಲ್ಲ. ಅಷ್ಟೇ ಅಲ್ಲ, ಅದು ಬೀಜ ಒಡೆಸಿದ ಗಂಡು. ಆದುದರಿಂದ ಅದರ ದೆಸೆಯಿಂದ ಇನ್ನೊಂದು ಹಸು ಈಯುವ ಸಾಧ್ಯತೆಯೂ ಇಲ್ಲ. ಗಾದೆಯನ್ನು ಕಟ್ಟಿದವರು 'ಹೋರಿ ಈಯಿತು' ಎನ್ನಬಹುದಿತ್ತು, 'ಗೂಳಿ ಈಯಿತು' ಎನ್ನಬಹುದಿತ್ತು. ಹಾಗೆನ್ನದೆ, ಸಂತಾನದ ವ್ಯವಹಾರದಿಂದ ಎರಡು ಬಗೆಯಲ್ಲಿ ಹೊರಗುಳಿದ ಪ್ರಾಣಿಯನ್ನೇ ಆರಿಸಿಕೊಂಡಿದ್ದಾರೆ. ಮೂರೂ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವ ಕೇಳುಗನಿಗೆ ಗಾದೆಯ ಅರ್ಧ ಹಾಸ್ಯ ಮಾತ್ರ ದಕ್ಕುತ್ತದೆ.

ಈ ಖಚಿತತೆ ವ್ಯಾಕರಣದಿಂದ ಬಂದುದಲ್ಲ. ಕನ್ನಡದಲ್ಲಿ ಲಿಂಗವ್ಯವಸ್ಥೆ ಅರ್ಥಾನುಸಾರಿಯಾದುದು; ಪುರುಷರು ಪುಲ್ಲಿಂಗ, ಸ್ತ್ರೀಯರು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕಲಿಂಗ. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವು ನಿರೂಪಿಸಿದ ಈ ವ್ಯವಸ್ಥೆಯೇ ಇಂದಿಗೂ ನಡೆದುಬಂದಿದೆ. ಹಸು ಬಂದಿತು, ಹೋರಿ ಬಂದಿತು, ಎತ್ತು ಬಂದಿತು. ಕ್ರಿಯಾಪದ ಮೂರಕ್ಕೂ ಒಂದೇ. ಸಂಸ್ಕೃತದಲ್ಲಾಗಲಿ ಹಿಂದಿಯಲ್ಲಾಗಲಿ ಪ್ರಾಣಿಯ ಲಿಂಗವನ್ನು ಪದದ ರೂಪವೇ ಹೊತ್ತು ಸಾಗುತ್ತದೆ. ಕನ್ನಡದ ವ್ಯಾಕರಣ ಆ ಹೊರೆಯನ್ನು ಇಳಿಸಿಬಿಟ್ಟಿದೆ. ಇಳಿಸಿದ ಹೊರೆಯನ್ನು ಎತ್ತಿಕೊಂಡದ್ದು ರೈತರ ಮತ್ತು ಪಶುಪಾಲಕರ ಪದಕೋಶ.

ಆದರೆ ಆ ಪದಕೋಶ ಕೇವಲ ಗಂಡು-ಹೆಣ್ಣೆಂಬ ಭೇದವನ್ನು ಗುರುತಿಸಿ ಸುಮ್ಮನಾಗಿಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಗೂಳಿ, ಹೋರಿ, ಎತ್ತು, ಬಸವ ಎಂಬ ನಾಲ್ಕು ಪದಗಳು ನಾಲ್ಕು ಜಾತಿಯ ಪ್ರಾಣಿಗಳನ್ನು ಹೇಳುವುದಿಲ್ಲ. ಒಂದೇ ಕೊಟ್ಟಿಗೆಯಲ್ಲಿ ಹುಟ್ಟಿದ ಒಂದೇ ಗಂಡುಗರು ಈ ನಾಲ್ಕರಲ್ಲಿ ಯಾವುದು ಬೇಕಾದರೂ ಆಗಬಹುದು. ಯಾವುದಾಗಬೇಕೆಂದು ನಿರ್ಧರಿಸುವವನು ಮನುಷ್ಯ. ಆ ನಿರ್ಧಾರದ ದಾಖಲೆ ಈ ಪದ. ದನದ ಹೆಸರು ಅದರ ದೇಹವನ್ನಲ್ಲ, ಮನೆಯೊಡನೆ ಅದಕ್ಕಿರುವ ಸಂಬಂಧವನ್ನು ಸೂಚಿಸುತ್ತದೆ. ಸಂಬಂಧ ಬದಲಾದೊಡನೆ ಹೆಸರೂ ಬದಲಾಗುತ್ತದೆ.

ಕನ್ನಡದ ಶಾಸನಗಳಲ್ಲಿ ದನವು ಮೊದಲಿಗೆ ಕಾಣಿಸಿಕೊಳ್ಳುವುದು ಬಿಡಿ ಪ್ರಾಣಿಯಾಗಿ ಅಲ್ಲ, ಹಿಂಡಾಗಿ. 'ತುಱು' ಎಂಬುದು ಆ ಹಿಂಡಿನ ಹೆಸರು. ತುಱುಗೊಳ್, ಪೆಣ್ಬುಯ್ಯಲ್, ಊರಳಿವು ಎಂಬ ಮೂರು ಸಂದರ್ಭಗಳು ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ತುಱುಗೊಳ್, ಅಂದರೆ ದನಗಳನ್ನು ಅಪಹರಿಸುವುದು ಮತ್ತು ಅವುಗಳನ್ನು ಮರಳಿಸುವ ಹೋರಾಟದಲ್ಲಿ ಮಡಿಯುವುದು, ಅತ್ಯಂತ ವ್ಯಾಪಕವಾದ ವಸ್ತು. ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' ಈ ಸಾಮಗ್ರಿಯನ್ನು ವಿಸ್ತಾರವಾಗಿ ಪರಿಶೀಲಿಸಿರುವ ಕೃತಿ. ತುಱು ಎಂಬ ಪದಕ್ಕೆ ಗಂಡು-ಹೆಣ್ಣು, ಎಳೆದು-ಮುದಿ ಎಂಬ ಗಣನೆಯಿಲ್ಲ. ದೋಚಿಕೊಂಡು ಹೋಗುವವನಿಗೂ ಬೆನ್ನಟ್ಟಿದವನಿಗೂ ಅದು ಒಟ್ಟು ಸಂಪತ್ತು. ದಾನಶಾಸನಗಳ ಕೊನೆಯ ಶಾಪಾಶಯದಲ್ಲಿ ಮಾತ್ರ ಭಾಷೆ ಬೇರೆಯಾಗುತ್ತದೆ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆ ಎನ್ನುವಾಗ ಅಲ್ಲಿ ಬರುವುದು ತುಱು ಅಲ್ಲ, ಕಪಿಲೆಯ ತದ್ಭವವಾದ ಕವಿಲೆ: ಬಣ್ಣವುಳ್ಳ, ಹೆಣ್ಣಾದ, ಪವಿತ್ರವಾದ ಹಸು. ಸುಂಕದ ಶಾಸನಗಳಿಗೆ ಇವೆರಡೂ ಬೇಡ. ಅಲ್ಲಿ ಎಣಿಕೆಗೆ ಸಿಗುವುದು 'ಹೇಱು', ಎತ್ತು ಹೊತ್ತ ಹೊರೆ. ಯುದ್ಧಕ್ಕೆ ಹಿಂಡು, ಶಾಪಕ್ಕೆ ಹಸು, ಸುಂಕಕ್ಕೆ ಹೊರೆಯೆತ್ತು. ಶಾಸನಗಳನ್ನು ಬರೆಯಿಸಿದವರ ಆಸಕ್ತಿ ಇಷ್ಟಕ್ಕೆ ಮುಗಿಯುತ್ತದೆ. ಕಡಸು, ಮಣಕ, ಗೊಡ್ಡು ಮೊದಲಾದ ಪದಗಳ ಜೀವಂತ ಬಳಕೆಯನ್ನು ಮೌಖಿಕ ಪರಂಪರೆಯಲ್ಲಿಯೇ ಹುಡುಕಬೇಕು.

ಸಾಮಾನ್ಯವಾಚಕಗಳ ವಿಷಯದಲ್ಲಿ ಪ್ರಾದೇಶಿಕ ಭೇದಗಳು ಗಮನಾರ್ಹವಾಗಿವೆ. ಉತ್ತರ ಕರ್ನಾಟಕದಲ್ಲಿ ಆಕಳು, ಹಳೆಯ ಮೈಸೂರಿನಲ್ಲಿ ಹಸು. 'ದನ' ಎಂದರೆ ಒಳನಾಡಿನವರಿಗೆ ಒಟ್ಟು ಜಾನುವಾರು. ಕರಾವಳಿಯ ಕನ್ನಡದಲ್ಲಿ ಅದು ಹಸುವೇ ಆಗಿದೆ. ಕುಂದಾಪುರದ ಕಡೆ ಹಿಂಡನ್ನು 'ಗಂಟಿ' ಎನ್ನುತ್ತಾರೆ. ದನ ಎಂಬುದು ಸಂಸ್ಕೃತದ ಧನದಿಂದ ಬಂದಿತೆಂಬ ಅಭಿಪ್ರಾಯವಿದೆ. ತಮಿಳಿನ 'ಮಾಡು' ಎಂಬ ಪದಕ್ಕೂ ಸಂಪತ್ತು ಮತ್ತು ದನ ಎಂಬ ಎರಡೂ ಅರ್ಥಗಳಿರುವುದು ಈ ಊಹೆಗೆ ಬಲ ನೀಡುತ್ತದೆ. ಹಸು ಎಂಬುದು ಪಶುವಿನ ತದ್ಭವ. ಯಾವ ಪ್ರಾಣಿಗಾದರೂ ಸಲ್ಲುತ್ತಿದ್ದ ಪದ ಕನ್ನಡಕ್ಕೆ ಬಂದು ಒಂದೇ ಪ್ರಾಣಿಯ ಹೆಣ್ಣಿಗೆ ಮೀಸಲಾಯಿತು. (ಹಸುಳೆ, ಹಸುಗೂಸು ಎಂಬಲ್ಲಿನ ಹಸು ಬೇರೆ, ಅದು ಎಳೆಯ, ಹಸಿರಾದ ಎಂಬರ್ಥದ ದೇಶ್ಯಪದ. ಎರಡನ್ನೂ ಬೆರೆಸಿ ಹಸುವಿನ ಸಾಧುತ್ವವನ್ನು ವಿವರಿಸುವ ಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ.) ಜಾನುವಾರು ಪಾರಸಿಯಿಂದಲೂ, ರಾಸು ತಲೆ ಎಂಬರ್ಥದ ಅರಬ್ಬಿ ಪದದಿಂದಲೂ ಬಂದವು. ಆಡಳಿತದ ಕಡತಕ್ಕೆ ತಲೆಯೆಣಿಕೆ ಸಾಕಾದ್ದರಿಂದ 'ರಾಸು' ಎಂಬಲ್ಲಿ ಲಿಂಗ, ವಯಸ್ಸು, ಕೆಲಸ ಎಲ್ಲವೂ ಅಳಿಸಿಹೋಗುತ್ತವೆ.

ಹೆಣ್ಣಿನ ಪದಸರಣಿ ಗಂಡಿನದಕ್ಕಿಂತ ಸೂಕ್ಷ್ಮವಾದುದು. ಹಾಲು ಕುಡಿಯುವ ತನಕ ಅದು ಹೆಣ್ಣುಗರು. ಹಾಲು ಬಿಟ್ಟು ಮೇವಿಗೆ ನಿಂತು ಬೆಳೆದು, ಇನ್ನೂ ಈಯದಿರುವ ಅವಧಿಯಲ್ಲಿ ಅದಕ್ಕೆ ಕಡಸು, ಮಣಕ, ಪಡ್ಡೆ ಎಂಬ ಹೆಸರುಗಳಿವೆ. ಕೆಲವು ಕಡೆ ಮಣಕ ಎಮ್ಮೆಗೂ ಹಸುವಿಗೂ ಸಮಾನ. ಪಡ್ಡೆ ಎಂಬುದು ಪ್ರಾಯಕ್ಕೆ ಬಂದ ಹೆಣ್ಣುಗರು, ಅದರ ಮೂಲಕ ಪ್ರಾಯದ ಹೆಣ್ಣು. ಇಂದಿನ ಪತ್ರಿಕಾ ಭಾಷೆಯ 'ಪಡ್ಡೆ ಹುಡುಗರು' ಎಂಬ ಪ್ರಯೋಗದಲ್ಲಿ ಆ ಪದ ಸದ್ದಿಲ್ಲದೆ ಗಂಡಿನ ಪಾಲಾಗಿದೆ. ಮೂಲದ ಕರುವನ್ನು ನೋಡದ ತಲೆಮಾರಿಗೆ ಅದರಲ್ಲಿ ಅಸಂಗತವೇನೂ ಕಾಣುವುದಿಲ್ಲ.

ಕಡಸು ಗರ್ಭಧಾರಣೆಗೆ ಸಿದ್ಧವಾದುದನ್ನು 'ಬೆದೆಗೆ ಬಂತು' ಎನ್ನುತ್ತಾರೆ. ಇದೇ ಬೆದೆ ಬೇಸಾಯದ ಮಾತಿನಲ್ಲಿ ಬಿತ್ತನೆಗೆ ತಕ್ಕ ನೆಲದ ಹದ. ಹದಬೆದೆ ನೋಡಿ ಬಿತ್ತಬೇಕು ಎನ್ನುವ ರೈತ ಮಣ್ಣಿನ ತೇವವನ್ನು ಕುರಿತು ಹೇಳುತ್ತಿರುತ್ತಾನೆ. ಮಣ್ಣಿಗೂ ಹಸುವಿಗೂ ಒಂದೇ ಪದ ಬಂದಿರುವುದನ್ನು ಕಾವ್ಯಾಲಂಕಾರವೆಂದು ಭಾವಿಸಬೇಕಾಗಿಲ್ಲ. ಎರಡರಲ್ಲಿಯೂ ಸಮಯ ಕಿರಿದು, ತಪ್ಪಿದರೆ ಮುಂದಿನ ಸರದಿಯವರೆಗೆ ಕಾಯಬೇಕು. ಹಸುವಿನ ಬೆದೆ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮತ್ತೆ ಬರುವುದು ಸುಮಾರು 21 ದಿನಗಳ ಮೇಲೆ. ಅದನ್ನು ಗುರುತಿಸುವುದು ಬಹುಮಟ್ಟಿಗೆ ಕೊಟ್ಟಿಗೆಯ ಕೆಲಸ ಮಾಡುವ ಹೆಂಗಸರ ವಿದ್ಯೆಯಾಗಿತ್ತು, ಈಗಲೂ ಆಗಿದೆ.

ಮುಂದೆ ಅದು ಗಬ್ಬದ ಹಸು. ಮೊದಲ ಬಾರಿಗೆ ಈದರೆ ಚೊಚ್ಚಲು. ಆಮೇಲೆ ಸೂಲಿನ ಲೆಕ್ಕ: ಎರಡನೆಯ ಸೂಲು, ಮೂರನೆಯ ಸೂಲು. ಹಾಲು ಕೊಡುತ್ತಿರುವಷ್ಟು ಕಾಲ ಕರೆಯುವ ಹಸು. ಆ ಮನೆಯಲ್ಲಿ ಹಯನು ಇದೆ ಎಂಬ ಮಾತು. ಮನುಷ್ಯರಿಗೂ ದನಗಳಿಗೂ ನಡುವೆ ಭಾಷೆ ಎಳೆದಿರುವ ಗೆರೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ಹೆಂಗಸು ಬಸುರಿ, ಹಸು ಗಬ್ಬ. ಚೊಚ್ಚಲು ಎಂಬುದು ಇಬ್ಬರಿಗೂ ಸಲ್ಲುತ್ತದೆ. ಸೂಲು ಸಹ ಹಿಂದೆ ಇಬ್ಬರಿಗೂ ಸೇರಿದ್ದಿರಬೇಕು. ಸೂಲಗಿತ್ತಿ ಎಂಬ ಪದದಲ್ಲಿ ಅದರ ಕುರುಹು ಉಳಿದಿದೆ. ಉಳಿದಂತೆ ಗೆರೆಯನ್ನು ದಾಟಿಸುವುದು ಬೈಗುಳ.

ಹಾಗೆ ದಾಟಿದ ಪದಗಳಲ್ಲಿ 'ಗೊಡ್ಡು' ವಿಶೇಷ ವಿವೇಚನೆಯನ್ನು ಬೇಡುತ್ತದೆ. ನಿಘಂಟುಗಳು ಇದಕ್ಕೆ ಕೊಡುವ ಮೊದಲ ಅರ್ಥ ಬಂಜೆ, ಸಂತಾನವಿಲ್ಲದ್ದು. ತೆಲುಗಿನಲ್ಲಿ ಇದೇ ಪದ ಬಂಜೆತನಕ್ಕೂ ಸಾಮಾನ್ಯವಾಗಿ ದನಕ್ಕೂ ಸಲ್ಲುತ್ತದೆ. ಆದರೆ ಕೊಟ್ಟಿಗೆಯ ಮಾತಿನಲ್ಲಿ 'ಹಸು ಗೊಡ್ಡಾಗಿದೆ' ಎಂದರೆ ಬಹುತೇಕ ಸಂದರ್ಭಗಳಲ್ಲಿ ಹಾಲು ಬತ್ತಿದೆ ಎಂದಷ್ಟೇ ಅರ್ಥ. ಕರು ದೊಡ್ಡದಾಗಿದೆ, ಕೆಚ್ಚಲು ಬತ್ತಿದೆ, ಹಸು ಮತ್ತೆ ಗಬ್ಬವಾಗಿರಲೂಬಹುದು. ಮುಂದಿನ ಸೂಲಿನೊಡನೆ ಅದು ಗೊಡ್ಡುತನದಿಂದ ಹೊರಬರುತ್ತದೆ. ಹೀಗಾಗಿ ಗೊಡ್ಡು ಎಂಬುದು ರೈತನ ಬಳಕೆಯಲ್ಲಿ ಮುಖ್ಯವಾಗಿ ಒಂದು ಅವಸ್ಥೆ, ಬರುವುದೂ ಹೋಗುವುದೂ ಆದ ಒಂದು ಋತು. ಎಂದೂ ಗಬ್ಬ ನಿಲ್ಲದ ಹಸುವಿಗೂ ಇದೇ ಪದ ಬರುತ್ತದೆ ನಿಜ. ಆದರೆ ಅದು ಹಲವು ಬೆದೆಗಳನ್ನು ಕಂಡಮೇಲೆ ಕೊಡುವ ತೀರ್ಪು. ಗೊಡ್ಡು ಸಂಪ್ರದಾಯ, ಗೊಡ್ಡು ಹರಟೆ ಎಂಬ ರೂಪಕಗಳಲ್ಲಿ ಮರಳಿ ಬರುವ ಆ ಸಾಧ್ಯತೆ ಕಳೆದುಹೋಗಿದೆ. ಮಕ್ಕಳಿಲ್ಲದ ಹೆಂಗಸನ್ನು ಗೊಡ್ಡು ಎಂದಾಗಲಂತೂ ಪದದ ಅತ್ಯಂತ ನಿಷ್ಕರುಣವಾದ ಅರ್ಥವೊಂದೇ ಉಳಿಯುತ್ತದೆ. ಹಸುವಿಗೆ ಭಾಷೆ ನೀಡಿದ ಮುಂದಿನ ಸೂಲಿನ ಅವಕಾಶವನ್ನು ಹೆಂಗಸಿಗೆ ನೀಡಲಿಲ್ಲ. ಬಂಜೆತನದ ದುಃಖವನ್ನು ಹಾಡುವ ಜನಪದ ಗೀತೆಗಳನ್ನು ಸಂಪಾದಿಸುವವರು ಈ ಪದಕ್ಕೆ ಟಿಪ್ಪಣಿ ಬರೆಯುವಾಗ ನಿಘಂಟಿನ ಒಂದು ಅರ್ಥವನ್ನು ಮಾತ್ರ ಎತ್ತಿಕೊಡುವುದು ಸಾಲದು.

ಇನ್ನು ಗಂಡಿನ ಸರಣಿ. ಗಂಡುಗರು ಬೆಳೆದು ಹೋರಿಯಾಗುತ್ತದೆ. ಹೋರಿ ಎಂಬುದು ಮುಖ್ಯವಾಗಿ ಹರೆಯದ ಹೆಸರು, ಇನ್ನೂ ತೀರ್ಮಾನವಾಗದ ಸ್ಥಿತಿ. ಬೀಜ ಒಡೆಸಿ, ಪಳಗಿಸಿ, ನೊಗಕ್ಕೆ ಹೂಡಿದರೆ ಎತ್ತು. ಒಡೆಸದೆ ತಳಿಗೆ ಉಳಿಸಿಕೊಂಡರೆ ಬೀಜದ ಹೋರಿ. ಒಡೆಯನ ಹಿಡಿತವಿಲ್ಲದೆ ಕೊಬ್ಬಿ ತಿರುಗಿದರೆ ಗೂಳಿ. 'ಗೂಳಿ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆ ಆ ಬಲದ ಬಗ್ಗೆ ಊರಿಗಿರುವ ಅಸಹನೆಯನ್ನು ಹೇಳುತ್ತದೆ. ಎತ್ತು ಬಿದ್ದರೆ ಯಾರೂ ಕಲ್ಲೆಸೆಯುವುದಿಲ್ಲ. ದೇವರ ಹೆಸರಿನಲ್ಲಿ ಬಿಟ್ಟರೆ ಬಸವ. ಇವುಗಳ ನಡುವಣ ಗಡಿ ಎಲ್ಲೆಡೆಯೂ ಒಂದೇ ಸ್ಥಳದಲ್ಲಿಲ್ಲ. ಹಾವೇರಿ, ಶಿವಮೊಗ್ಗ ಜಿಲ್ಲೆಗಳಲ್ಲಿ ದೀಪಾವಳಿಯ ನಂತರ ನಡೆಯುವ ಹೋರಿಹಬ್ಬದಲ್ಲಿ ಕೊಬ್ಬರಿಯ ಸರ ಕಟ್ಟಿಕೊಂಡು ಓಡುವುದೆಲ್ಲ ಹೋರಿಯೇ. ಅಲ್ಲಿ ಆ ಪದ ಓಟದ ಕಸುವನ್ನು ಹೇಳುತ್ತದೆಯೇ ಹೊರತು ಬೀಜದ ಸ್ಥಿತಿಯನ್ನಲ್ಲ. ತುಳುವಿನಲ್ಲಿ ಎತ್ತಿಗೆ ಬೋರಿ ಎನ್ನುತ್ತಾರೆ. ಹಸು ಅಲ್ಲಿ ಪೆತ್ತ, ಕರು ಕಂಜಿ.

ಸಂತೆ ಮತ್ತು ದನಗಳ ಜಾತ್ರೆಗಳಲ್ಲಿ ಈ ಪದಗಳಿಗೆ ಹಲ್ಲಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆಯ ಜಾತ್ರೆಗಳಲ್ಲಿ ಕೊಳ್ಳುವವನು ಮೊದಲು ನೋಡುವುದು ಬಾಯಿಯನ್ನು. ಹಾಲುಹಲ್ಲಿನ ಹೋರಿ, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದಮೇಲೆ ಬಾಯಿಗೂಡಿದ ಎತ್ತು. ನಾಲ್ಕೂವರೆ, ಐದು ವರ್ಷದ ಹೊತ್ತಿಗೆ ಬಾಯಿ ಕೂಡುತ್ತದೆ. ಅಲ್ಲಿಂದ ಮುಂದೆ ವಯಸ್ಸಿಗೆ ಸಾಕ್ಷಿಯಿಲ್ಲ, ದಲ್ಲಾಳಿಯ ಮಾತೇ ಗತಿ. ನೊಗದ ಎಡಕ್ಕೆ ಒಗ್ಗಿದ್ದು ಎಡಗೋಲು, ಬಲಕ್ಕೆ ಒಗ್ಗಿದ್ದು ಬಲಗೋಲು. ಜೋಡಿ ಕಳೆದುಕೊಂಡದ್ದು ಒಂಟೆತ್ತು.

ಎತ್ತು ಎಂದರೆ ಬೀಜ ಒಡೆಸಿದ್ದು ಎಂಬ ಈ ಅರ್ಥ ಎಷ್ಟು ಹಳೆಯದು? ತಮಿಳಿನ ಎರುದು, ತೆಲುಗಿನ ಎದ್ದು ಇದರ ಸೋದರ ಪದಗಳು. ತಮಿಳಿನಲ್ಲಿ ಎರುದು ಎಂಬುದು ಗೂಳಿಗೂ ಎತ್ತಿಗೂ ಸಲ್ಲುತ್ತದೆ. ಕನ್ನಡದಲ್ಲಿಯೇ ಇಂತಹ ವಿಶಾಲಾರ್ಥಕ್ಕೆ ಜೀವಂತ ಸಾಕ್ಷಿಯೊಂದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರು ತಮ್ಮ ಕುಲದೈವಗಳ ಹೆಸರಿನಲ್ಲಿ ಸಾಕುವ ಹಿಂಡುಗಳನ್ನು 'ದೇವರ ಎತ್ತು'ಗಳೆಂದು ಕರೆಯುತ್ತಾರೆ. ಕಿಲಾರಿ ಎಂಬ ಹೆಸರಿನ ಪಾಲಕರು ಅವನ್ನು ಕಾಯುತ್ತಾರೆ. ಅವುಗಳನ್ನು ನೊಗಕ್ಕೆ ಹೂಡುವುದಿಲ್ಲ. ನೊಗ ಕಾಣದ ಎತ್ತು ಎಂಬುದು ಬಯಲುಸೀಮೆಯ ಬೇಸಾಯಗಾರನ ಪದಕೋಶದಲ್ಲಿ ವಿರೋಧಾಭಾಸ. ಪಶುಪಾಲಕನ ಪದಕೋಶದಲ್ಲಿ ಅಲ್ಲ. ಎತ್ತು ಎಂಬ ಪದ ಮೊದಲು ಹಿಂಡಿನ ಗಂಡನ್ನು ಸಾಮಾನ್ಯವಾಗಿ ಹೇಳುತ್ತಿದ್ದು, ನೇಗಿಲ ಬೇಸಾಯ ಹರಡಿದಂತೆ ನೊಗದ ಪ್ರಾಣಿಗೆ ಸೀಮಿತವಾಯಿತು ಎಂದು ಇದರಿಂದ ಊಹಿಸಬಹುದು. ಮ್ಯಾಸಬೇಡರ ಬಳಕೆಯನ್ನು ಸಡಿಲ ಪ್ರಯೋಗವೆಂದು ತಳ್ಳಿಹಾಕುವುದಕ್ಕಿಂತ ಹಳೆಯ ಅರ್ಥದ ಉಳಿಕೆಯೆಂದು ತಿಳಿಯುವುದು ಹೆಚ್ಚು ಸಮಂಜಸ.

ಪ್ರಭುತ್ವವೂ ಎತ್ತಿಗಾಗಿ ಹಸುವನ್ನು ಸಾಕಿದ ಉದಾಹರಣೆ ಮೈಸೂರಿನದು. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ಹೈದರಾಲಿ ಅದರ ಎತ್ತುಗಳನ್ನು ಫಿರಂಗಿ ಮತ್ತು ಸೈನ್ಯದ ಸಾಮಗ್ರಿ ಎಳೆಯಲು ತೊಡಗಿಸಿದ. ಟಿಪ್ಪು ಸುಲ್ತಾನ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ಬೆಣ್ಣೆ, ಅಮೃತ ಎರಡೂ ಹಾಲಿನ ಹೆಸರುಗಳು. ಹೆಸರಾದದ್ದು ಮಾತ್ರ ವೇಗವಾಗಿ, ದೂರ ನಡೆಯುವ ಎತ್ತು. ತಳಿಯ ಹಸುಗಳು ಹಾಲಿನಲ್ಲಿ ಹಿಂದು, ಇದ್ದ ಹಾಲೂ ಕರುವಿನ ಪಾಲು. 1799ರ ಅನಂತರ ಬ್ರಿಟಿಷರ ಕೈಸೇರಿದ ಈ ಹಿಂಡುಗಳನ್ನು 1860ರಲ್ಲಿ ಮಾರಿ ಇಲಾಖೆಯನ್ನು ಮುಚ್ಚಲಾಯಿತು. ಸೈನ್ಯಕ್ಕೆ ಎತ್ತುಗಳ ಅಭಾವ ತಲೆದೋರಿ 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಹಸ್ತಾಂತರವಾಯಿತು. ಅಜ್ಜಂಪುರ ಮತ್ತು ಅಲ್ಲಿನ ಕಾವಲುಗಳು ಈ ಇತಿಹಾಸದ ಉಳಿಕೆ.

ಬಸವ ಎಂಬ ಪದಕ್ಕೆ ಬಂದಾಗ ವ್ಯಾಕರಣವೇ ನಡೆಯನ್ನು ಬದಲಿಸುತ್ತದೆ. ಎತ್ತಿನ ಕೊಂಬು, ಗೂಳಿಯ ಕೊಂಬು. ಆದರೆ ಬಸವನ ಕೊಂಬು. ಗೂಳಿ ಬಂತು, ಬಸವ ಬಂದ. ವೃಷಭದ ತದ್ಭವವಾದ ಈ ಪದವನ್ನು ಪಡೆದ ಗಳಿಗೆಯಲ್ಲಿ ಪ್ರಾಣಿ ನಪುಂಸಕಲಿಂಗವನ್ನು ದಾಟಿ ಮನುಷ್ಯ ಮತ್ತು ದೇವರುಗಳ ಸಾಲಿಗೆ ಸೇರುತ್ತದೆ. (ಕೋಣನ, ತೋಳನ ಎಂಬ ರೂಪಗಳೂ ಇರುವುದರಿಂದ ಷಷ್ಠೀ ವಿಭಕ್ತಿಯೊಂದನ್ನೇ ನಂಬಿ ಹೆಚ್ಚು ಹೇಳುವಂತಿಲ್ಲ. ಕ್ರಿಯಾಪದದ ಸಾಕ್ಷ್ಯ ಹೆಚ್ಚು ಗಟ್ಟಿಯಾದುದು.) ಬೆಂಗಳೂರಿನ ಬಸವನಗುಡಿಯ ಐತಿಹ್ಯವನ್ನು ಈ ದೃಷ್ಟಿಯಿಂದ ಓದಬಹುದು. ಕಡಲೆಕಾಯಿಯ ಹೊಲಗಳಿಗೆ ನುಗ್ಗಿ ಬೆಳೆ ತಿನ್ನುತ್ತಿದ್ದ ಪ್ರಾಣಿ ಕಲ್ಲಾಯಿತು, ರೈತರು ಅದಕ್ಕೆ ಮೊದಲ ಬೆಳೆ ಒಪ್ಪಿಸತೊಡಗಿದರು, ಕಾರ್ತಿಕದ ಕಡಲೆಕಾಯಿ ಪರಿಷೆ ಹೀಗೆ ಹುಟ್ಟಿತು ಎಂಬುದು ಕಥೆ. ಬೆಳೆ ತಿನ್ನುವಾಗ ಅದು ಗೂಳಿ, ಕಲ್ಲಾದಮೇಲೆ ಬಸವ. 12ನೆಯ ಶತಮಾನದ ಬಸವಣ್ಣನವರನ್ನು ನಂದಿಯ ಅವತಾರವೆಂದು ಭೀಮಕವಿಯ 'ಬಸವಪುರಾಣ' (1369) ಮೊದಲಾದ ಕೃತಿಗಳು ವರ್ಣಿಸಿದ ಮೇಲೆ ಈ ಪದದ ಗೌರವ ಇನ್ನಷ್ಟು ಹೆಚ್ಚಿತು. ಅಲ್ಲಿಂದೀಚೆಗೆ ಮನೆಯ ಎತ್ತನ್ನೇ ಆದರದಿಂದ ಬಸವಣ್ಣ ಎನ್ನುವ ರೂಢಿ ವ್ಯಾಪಿಸಿತು.

ಬಸವನನ್ನು ಮಾಡುವ ಕ್ರಿಯೆಗೆ 'ಬಿಡು' ಎಂಬ ಧಾತುವೇ ಬೇಕು. ಸತ್ತವರ ನೆನಪಿಗೋ ಹರಕೆಗೋ ಆರಿಸಿದ ಹೋರಿಗೆ ಮುದ್ರೆಯೊತ್ತಿ ಬಿಡುವುದು ಸಂಸ್ಕೃತ ಶಾಸ್ತ್ರಗಳ ವೃಷೋತ್ಸರ್ಗಕ್ಕೆ ಸಮಾನವಾದ ಆಚರಣೆ. ಬಿಟ್ಟ ಬಸವ ಯಾರ ಸ್ವತ್ತೂ ಅಲ್ಲ. ಯಾವ ಹೊಲದಲ್ಲಿ ಮೇದರೂ ಯಾರೂ ಹೊಡೆಯುವುದಿಲ್ಲ. ಊರಿನ ಎಲ್ಲ ಹಸುಗಳಿಗೂ ಅದೇ ಬೀಜ. ಹೋರಿಯನ್ನು ಕೊಳ್ಳಲಾರದ ಬಡವರ ಕೊಟ್ಟಿಗೆಗೂ ತಳಿಯನ್ನು ಒದಗಿಸಿದ್ದು ಈ ವ್ಯವಸ್ಥೆ.

ಇದೇ ಧಾತು, ಇದೇ ಪದದ ಸ್ತ್ರೀಲಿಂಗರೂಪ ಹೆಣ್ಣುಮಕ್ಕಳಿಗೆ ಅಂಟಿದ್ದು ಈ ಪದಚರಿತ್ರೆಯ ಅತ್ಯಂತ ನೋವಿನ ಭಾಗ. ಬಳ್ಳಾರಿ ಮತ್ತು ಸುತ್ತಣ ಪ್ರದೇಶಗಳಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಗಳು 'ಬಸವಿ'. ಮದರಾಸು ಪ್ರಾಂತದ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ 19ನೆಯ ಶತಮಾನದ ಕೊನೆಯಲ್ಲಿ ಬಸವಿಯರನ್ನು ಕುರಿತು ಬರೆದ ಪ್ರಬಂಧವು ಅವರಿಗೆ ದೊರೆಯುವ ಗಂಡಸಿನ ಹಕ್ಕುಗಳನ್ನೇ ಮುಂದುಮಾಡಿತು. ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥಮಾಲೆಯಲ್ಲಿ ಈ ವಿಷಯವನ್ನು ಚರ್ಚಿಸಿದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಬಸವಿಯಾದವಳು ತವರಿನಲ್ಲಿಯೇ ಉಳಿಯುತ್ತಾಳೆ, ಮಗನಂತೆ ಆಸ್ತಿಗೆ ಬಾಧ್ಯಳಾಗುತ್ತಾಳೆ, ತಂದೆತಾಯಿಯರ ಅಂತ್ಯಕ್ರಿಯೆ ಮಾಡುತ್ತಾಳೆ ಎಂಬುದು ನಿಜ. ಈ ಅಂಶವನ್ನು ಹಿಡಿದು ಬಸವಿ ಎಂಬ ಪದದಲ್ಲಿ ಗಂಡಿನ ಸ್ವಾತಂತ್ರ್ಯವನ್ನು ಕಾಣುವ ವಿದ್ವಾಂಸರಿದ್ದಾರೆ. ಆದರೆ ಪದವನ್ನು ಕೊಟ್ಟಿಗೆಯ ಸಂದರ್ಭದಲ್ಲಿಟ್ಟು ನೋಡಿದರೆ ಆ ವ್ಯಾಖ್ಯಾನ ನಿಲ್ಲುವುದಿಲ್ಲ. ಬಸವ ಯಾರಿಗೂ ಸೇರದವನಾದ್ದರಿಂದ ಎಲ್ಲರಿಗೂ ಸೇರಿದವನು. ಆ ತರ್ಕವನ್ನು ಹೆಣ್ಣಿಗೆ ಅನ್ವಯಿಸಿದಾಗ ಊರಿನ ಪುರುಷರ ಅನುಕೂಲ ಧರ್ಮದ ಹೆಸರು ಪಡೆಯುತ್ತದೆ. ಬಸವನಿಗೆ ಹೊಲಗಳೆಲ್ಲ ತೆರೆದಿದ್ದವು. ಬಸವಿಗೆ ತೆರೆದದ್ದು ಏನೂ ಇಲ್ಲ. ಹೀಗೆ ಬಿಟ್ಟ ಹುಡುಗಿಯರು ಬಹುಪಾಲು ದಲಿತ ಮತ್ತು ಇತರ ಹಿಂದುಳಿದ ಸಮುದಾಯಗಳ ಬಡವರ ಮಕ್ಕಳು. 1982ರ ಕರ್ನಾಟಕ ದೇವದಾಸಿಯರ ಸಮರ್ಪಣೆ ನಿಷೇಧ ಅಧಿನಿಯಮವು ಈ ಪದ್ಧತಿಯನ್ನು ಅಪರಾಧವೆಂದು ಘೋಷಿಸಿತು. 'ಬಿಡು' ಎಂಬ ಮಾತಿನಲ್ಲಿ ಬಿಟ್ಟವರು ಯಾರು ಎಂಬ ಪ್ರಶ್ನೆ ಮರೆಯಾಗುತ್ತದೆ; ಕಾನೂನು ಆ ಕರ್ತೃಪದವನ್ನು ಮರಳಿ ಹುಡುಕಬೇಕಾಯಿತು.

ಎಮ್ಮೆಯ ಗಂಡಿಗೆ ಇಷ್ಟೊಂದು ಪದಗಳಿಲ್ಲ. ಬೀಜವಿರಲಿ ಇಲ್ಲದಿರಲಿ, ಹೂಡಲಿ ಬಿಡಲಿ, ಅದು ಕೋಣ. ಮಾರಿಗೆ ಬಿಟ್ಟದ್ದು ಪಟ್ಟದ ಕೋಣ ಎನಿಸಿಕೊಂಡರೂ ಮೂಲಪದ ಬದಲಾಗುವುದಿಲ್ಲ. ಇದು ಅಜ್ಞಾನದ ಫಲವಲ್ಲ, ಅನಾಸಕ್ತಿಯ ಫಲ. ಕೆಸರುಗದ್ದೆಯ ಕರಾವಳಿ-ಮಲೆನಾಡುಗಳನ್ನು ಬಿಟ್ಟರೆ ಕೋಣಕ್ಕೆ ದುಡಿಮೆಯ ಪಾತ್ರ ಕಡಿಮೆ. ಕರಾವಳಿಯ ಕಂಬಳದ ವಿಷಯದಲ್ಲಿ ಮಾತ್ರ ಪದಗಳ ಭೇದ ನ್ಯಾಯಾಲಯದವರೆಗೆ ಹೋಯಿತು. ಕೇಂದ್ರ ಸರ್ಕಾರದ 2011ರ ಅಧಿಸೂಚನೆ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಸಾಲಿಗೆ ಸೇರಿಸಿದ್ದು ಗೂಳಿಯನ್ನು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಪ್ರಕರಣದಲ್ಲಿ ತೀರ್ಪು ನೀಡಿದ ಮೇಲೆ ಕೋಣಗಳ ಓಟವಾದ ಕಂಬಳಕ್ಕೂ 2016ರಲ್ಲಿ ತಡೆಬಿದ್ದಿತು. 2017ರ ರಾಜ್ಯ ತಿದ್ದುಪಡಿ ಕಂಬಳವನ್ನೂ ಹೋರಿಗಳ ಓಟವನ್ನೂ ಎತ್ತಿನ ಗಾಡಿಯ ಓಟವನ್ನೂ ಬೇರೆಬೇರೆಯಾಗಿ ಹೆಸರಿಸಿತು. ಸಂವಿಧಾನ ಪೀಠ 2023ರಲ್ಲಿ ಅದನ್ನು ಎತ್ತಿಹಿಡಿಯಿತು. ಇನ್ನೊಂದು ನಿಟ್ಟಿನಲ್ಲಿ 1964ರ ರಾಜ್ಯದ ಗೋಹತ್ಯೆ ಪ್ರತಿಬಂಧಕ ಅಧಿನಿಯಮವು ಗೂಳಿ, ಎತ್ತು, ಎಮ್ಮೆಗಳ ವಧೆಗೆ ಅನುಮತಿ ನೀಡುವಾಗ 12 ವರ್ಷ ಮೀರಿರಬೇಕು, ಇಲ್ಲವೇ ತಳಿಗೆ, ದುಡಿಮೆಗೆ, ಹಾಲಿಗೆ ಶಾಶ್ವತವಾಗಿ ಅನರ್ಹವಾಗಿರಬೇಕು ಎಂದು ವಿಧಿಸಿತ್ತು. ಬೀಜ, ನೊಗ, ಹಾಲು: ರೈತನ ಪದಕೋಶ ನಿಂತದ್ದೂ ಈ ಮೂರರ ಮೇಲೆಯೇ. ಅದರ ಜಾಗಕ್ಕೆ ಬಂದ 2020ರ ಅಧಿನಿಯಮ ಹಸು, ಕರು, ಗೂಳಿ, ಎತ್ತುಗಳನ್ನು 13 ವರ್ಷದೊಳಗಿನ ಎಮ್ಮೆ-ಕೋಣಗಳೊಡನೆ ಒಂದೇ ವ್ಯಾಖ್ಯೆಯೊಳಗೆ ತಂದಿತು.

ಪದಗಳ ನಡುವಣ ಗಡಿಗಳು ಅಳಿಸತೊಡಗಿದ್ದು ಮಾತ್ರ ಕಾನೂನಿನಿಂದಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲಿಗೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆಯ ಹೈನು ಕ್ಷೇತ್ರದಲ್ಲಿ, ಸಂಪತ್ ಕುಮಾರನ್ ಅವರಿಂದ. ಎತ್ತಿನ ತಳಿಗೆ ಹೆಸರಾದ ನಾಡಿನಲ್ಲಿಯೇ ಹೋರಿಯಿಲ್ಲದ ಸಂತಾನ ಆರಂಭವಾಯಿತು. ಹಾಲು ಉತ್ಪಾದಕರ ಸಹಕಾರ ಸಂಘಗಳು ಹಳ್ಳಿ ಹಳ್ಳಿಗೆ ಹರಡಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡ ಮೇಲೆ ಅದು ಸಾಮಾನ್ಯ ಕ್ರಮವಾಯಿತು. 'ಹೋರಿಗೆ ಬಿಡುವುದು' ಎಂಬ ಮಾತಿನ ಜಾಗದಲ್ಲಿ 'ಇಂಜೆಕ್ಷನ್ ಮಾಡಿಸುವುದು' ಬಂದಿತು. ಬೆದೆ ಎಂಬ ಪದ ಉಳಿಯಿತು, ಏಕೆಂದರೆ ಅದನ್ನು ಗುರುತಿಸದೆ ಇಂಜೆಕ್ಷನ್ನೂ ಫಲಿಸುವುದಿಲ್ಲ. ಸೂಲು, ಗಬ್ಬ, ಗೊಡ್ಡು ಉಳಿದವು. ಹಯನು ಹೈನುಗಾರಿಕೆಯಾಗಿ ಇಲಾಖೆಯ ಭಾಷೆಗೆ ಏರಿತು. ಗಂಡಿನ ಪದಗಳಿಗೆ ಆಸರೆಯಾಗಿದ್ದ ನೊಗ ಟ್ರ್ಯಾಕ್ಟರಿನಿಂದಲೂ, ಬೀಜ ಈ ಹೊಸ ವಿಧಾನದಿಂದಲೂ ಕಳಚಿಕೊಂಡವು. ದೇಶದ ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ಸುಮಾರು 6.79 ಕೋಟಿ ಇದ್ದ ಗಂಡುದನಗಳ ಸಂಖ್ಯೆ 2019ರಲ್ಲಿ ಸುಮಾರು 4.74 ಕೋಟಿಗೆ ಇಳಿಯಿತು. ಇದೇ ಅವಧಿಯಲ್ಲಿ ಹೆಣ್ಣುದನಗಳು 12.30 ಕೋಟಿಯಿಂದ 14.51 ಕೋಟಿಗೆ ಏರಿದವು.

ಮಿಶ್ರತಳಿಯ ಹಸುವಿಗೆ ಜನರಿಟ್ಟ ಹೆಸರು 'ಸೀಮೆಹಸು', ಸೀಮೆಎಣ್ಣೆ, ಸೀಮೆಸುಣ್ಣಗಳ ಮಾದರಿಯಲ್ಲಿ. ಅದು ಬಂದಮೇಲೆ ಹಿಂದೆ ಬರಿಯ ಹಸುವಾಗಿದ್ದುದಕ್ಕೆ 'ನಾಟಿ ಹಸು' ಎಂಬ ವಿಶೇಷಣ ಬೇಕಾಯಿತು. ಸೀಮೆಹಸುವಿನ ಹೆಣ್ಣುಗರುವಿಗೆ ಕಡಸು, ಚೊಚ್ಚಲು, ಸೂಲು ಎಂಬ ಹಳೆಯ ಹೆಸರುಗಳೆಲ್ಲ ಸರದಿಯಂತೆ ದೊರೆಯುತ್ತವೆ. ಅದರ ಗಂಡುಗರುವಿಗೆ ನೊಗವನ್ನು ತಡೆದು ನಿಲ್ಲಿಸುವ ಎತ್ತರದ ಹಿಣಿಲಿಲ್ಲ, ಬಿಸಿಲಿನಲ್ಲಿ ದುಡಿಯುವ ಶಕ್ತಿ ಕಡಿಮೆ. ತಳಿಗೆ ಅದು ಬೇಡ, ದೇವರಿಗೆ ಬಿಡುವವರಿಲ್ಲ. ಅದು ಹೋರಿಯಾಗುವುದಿಲ್ಲ, ಎತ್ತಾಗುವುದಿಲ್ಲ, ಬಸವನೂ ಆಗುವುದಿಲ್ಲ. ಬಹಳಷ್ಟು ಮನೆಗಳಲ್ಲಿ ಅದು ಗಂಡುಗರು ಎಂಬ ಮೊದಲ ಹೆಸರಿನಲ್ಲಿಯೇ ಕೊಟ್ಟಿಗೆಯಿಂದ ಹೊರಟುಹೋಗುತ್ತದೆ.